ಬೇಳ ಇಗರ್ಜಿಯ ಕೊನೆಯ ಬೆಂಚಿನ ಅಜ್ಜಿಗೆ

ಅಜ್ಜೀ, ನಿಮ್ಮ ಹೆಸರನ್ನು ನಾನು ಕೇಳಲೇ ಇಲ್ಲ. 1890ರಲ್ಲಿ ಸ್ಥಾಪನೆಯಾದ ಬೇಳದ ಶೋಕಮಾತೆಯ ಇಗರ್ಜಿಯಲ್ಲಿ, ಪೂಜೆ ಮುಗಿದ ಮೇಲೂ ನಾನು ಜಪಸರ ಹಿಡಿದು ಅಳುತ್ತಾ ಕೂತಿದ್ದೆ. ಅಡಿಕೆ ಮಾರಿದ ದುಡ್ಡಿನಲ್ಲಿ ತಮ್ಮನ ಪಾಲು ಕೊಡದೆ ಇಟ್ಟುಕೊಂಡಿದ್ದನ್ನು ನಿಮ್ಮಲ್ಲಿ ಹೇಳಿಬಿಟ್ಟೆ. ನೀವು ಬೈಯಲಿಲ್ಲ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ನೆನಪಿಸಿದಿರಿ: ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಹೇಳಿದ್ದು. “ಬಾಕಿ ಪ್ರಾರ್ಥನೆ ಅವನ ಮನೆಗೆ ಹೋಗಿ ಬಂದ ಮೇಲೆ ಮಾಡು ಮಗಾ” ಎಂದು ರಸ್ತೆಯವರೆಗೂ ಜೊತೆಗೇ ನಡೆದು ಬಂದಿರಿ, ಆ ಮೊಣಕಾಲು ನೋವಿನಲ್ಲೂ.

ಅಂದೇ ಸಂಜೆ ದುಡ್ಡು ಹಿಡಿದು ಬದಿಯಡ್ಕದ ಬಸ್ಸು ಹತ್ತಿದೆ. ನೀರ್ಚಾಲು ದಾಟುವಾಗ ಇಳಿದು ಹಿಂದೆ ಬರೋಣ ಅನ್ನಿಸಿತ್ತು. ದುಡ್ಡನ್ನು ತಮ್ಮ ಎಣಿಸಲೇ ಇಲ್ಲ. ಊಟಕ್ಕೆ ಏಳಣ್ಣ ಅಂದ. ತುಂಬಾ ಉಪಕಾರವಾಯಿತು ಅಜ್ಜೀ. ಪ್ರತಿ ಭಾನುವಾರ ಆ ಬೆಂಚಿನಲ್ಲಿ ನಿಮ್ಮನ್ನು ಹುಡುಕುತ್ತೇನೆ.