ಯಂತ್ರಕ್ಕಿಂತ ಮೊದಲು ಗಿರಾಕಿ ಸಿಗಲಿ

ಮಾನ್ಯ ಸಂಪಾದಕರೇ,

‘ಕಡಿಮೆ ಬಂಡವಾಳ, ಹೆಚ್ಚು ಲಾಭ’ ಎಂಬ ತಲೆಬರಹದಡಿ ಹತ್ತಾರು ಉದ್ದಿಮೆಗಳನ್ನು ಪಟ್ಟಿ ಮಾಡುವ ಬರಹಗಳು ಪತ್ರಿಕೆಗಳಲ್ಲಿಯೂ ಮೊಬೈಲ್‌ನಲ್ಲಿಯೂ ಮೇಲಿಂದ ಮೇಲೆ ಬರುತ್ತಿರುತ್ತವೆ. ಅವನ್ನು ಓದಿ ಇದ್ದಬದ್ದ ಉಳಿತಾಯವನ್ನೆಲ್ಲ ಹೂಡುವವರು ಬಹಳ ಮಂದಿ ಇದ್ದಾರೆ. ಒಂದು ಕಾಲಕ್ಕೆ ನಾನೂ ಹಾಗೆ ಹೂಡಿದವನಾದ್ದರಿಂದ, ಯಾವ ಉದ್ದಿಮೆಗೆ ಕೈಹಾಕಬೇಕೆಂದು ತೀರ್ಮಾನಿಸುವ ಬಗೆಯ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಸಾಲ ಮಾಡಿ ಕೊಂಡದ್ದು ಕಾಗದದ ಲೋಟ ತಯಾರಿಸುವ ಯಂತ್ರ. ನನಗೆ ಆ ಕಸುಬಿನ ಗಂಧಗಾಳಿ ಇರಲಿಲ್ಲ, ಲೋಟ ಕೊಳ್ಳುವವರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಆದರೆ ತಯಾರಾದ ಮಾಲನ್ನೆಲ್ಲ ತಾವೇ ಕೊಳ್ಳುವುದಾಗಿ ಯಂತ್ರ ಮಾರಿದವರು ಬರೆದುಕೊಟ್ಟಿದ್ದರಿಂದ ಈ ಎರಡು ಕೊರತೆಗಳೂ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣಲಿಲ್ಲ. ಮೊದಲ ಸಲ ಮಾಲು ಒಯ್ದರು, ಹಣವನ್ನೂ ಕೊಟ್ಟರು. ಎರಡನೆಯ ಸಲ ಲೋಟದ ತಳ ಸರಿಯಾಗಿ ಕೂತಿಲ್ಲವೆಂದು ಅರ್ಧಕ್ಕರ್ಧ ಹಿಂದಕ್ಕೆ ಕಳಿಸಿದರು. ಮೂರನೆಯ ಸಲ ಫೋನ್ ಎತ್ತಲಿಲ್ಲ. ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿದ ಲೋಟಗಳು ತೇವಕ್ಕೆ ಮೆತ್ತಗಾಗಿ ದುಂಡು ಕಳೆದುಕೊಳ್ಳುತ್ತಿದ್ದವು, ಸಾಲದ ಕಂತಿನ ದಿನ ಮಾತ್ರ ತಪ್ಪದೆ ಬರುತ್ತಿತ್ತು. ಒಪ್ಪಂದವನ್ನು ಮತ್ತೆ ತೆಗೆದು ಓದಿದಾಗ ‘ಗುಣಮಟ್ಟ ಒಪ್ಪಿಗೆಯಾದಲ್ಲಿ’ ಎಂಬ ಎರಡೇ ಪದಗಳು ಕಣ್ಣಿಗೆ ಬಿದ್ದವು, ಒಪ್ಪಬೇಕಾದವರೂ ಅವರೇ. ಅವರ ವ್ಯಾಪಾರ ಯಂತ್ರ ಮಾರುವುದು, ಆ ವ್ಯಾಪಾರಕ್ಕೆ ಗಿರಾಕಿ ನಾನು. ನನ್ನ ಲೋಟಕ್ಕೆ ಗಿರಾಕಿ ಯಾರೂ ಇರಲೇ ಇಲ್ಲ.

ಕೈಯಲ್ಲಿರುವ ಕಸುಬು ಮತ್ತು ಕಣ್ಣೆದುರಿನ ಒಬ್ಬ ಮನುಷ್ಯನ ಅಗತ್ಯ, ಇವೆರಡೂ ಕೂಡುವ ಕಡೆಯೇ ಉದ್ದಿಮೆಯ ವಿಚಾರ ಹುಟ್ಟಬೇಕು ಎಂದು ನಾನು ಈಗ ದೃಢವಾಗಿ ನಂಬುತ್ತೇನೆ. ಜೇಕಬ್ ಡೇವಿಸ್ ಎಂಬ ದರ್ಜಿ ಅಮೆರಿಕದ ರೀನೋ ಪಟ್ಟಣದಲ್ಲಿ ಟೆಂಟ್ ಬಟ್ಟೆ, ಕುದುರೆಗೆ ಹೊದಿಸುವ ಕಂಬಳಿ ಮುಂತಾದವನ್ನು ಹೊಲಿಯುತ್ತಿದ್ದರು. ಮರ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನಿಗೆ ಬೇಗ ಹರಿಯದ ಪ್ಯಾಂಟ್ ಬೇಕೆಂದು ಕೇಳಿದಳು. ಕಂಬಳಿಯ ಪಟ್ಟಿಗಳಿಗೆ ಬಡಿಯುತ್ತಿದ್ದ ತಾಮ್ರದ ರಿವೆಟ್‌ಗಳನ್ನು ಡೇವಿಸ್ ಜೇಬಿನ ಮೂಲೆಗಳಿಗೆ ಬಡಿದರು. ಪ್ಯಾಂಟ್ ಗಟ್ಟಿಯಾಗಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಕೇಳಿಕೊಂಡು ಬರುವವರು ಹೆಚ್ಚಾದ ಮೇಲಷ್ಟೇ ಅವರು ತಮಗೆ ಬಟ್ಟೆ ಪೂರೈಸುತ್ತಿದ್ದ ಲೀವೈ ಸ್ಟ್ರಾಸ್ ಅವರಿಗೆ ಕಾಗದ ಬರೆದರು; ಪೇಟೆಂಟ್ ಸಿಕ್ಕಿದ್ದು 1873ರಲ್ಲಿ. ಇಲ್ಲಿ ಕಸುಬು ಮೊದಲೇ ಇತ್ತು, ಗಿರಾಕಿ ಆಮೇಲೆ ಬಂದಳು, ದೊಡ್ಡ ಬಂಡವಾಳ ಎಲ್ಲಕ್ಕಿಂತ ಕೊನೆಗೆ ಬಂತು. ನಾನು ನಡೆದದ್ದು ಇದಕ್ಕೆ ತೀರ ತಿರುವುಮುರುವಾಗಿ.

ಗಿರಾಕಿ ಇದ್ದಾನೆಯೇ ಎಂದು ತಿಳಿಯಲು ಬಂಧುಗಳ ಅಭಿಪ್ರಾಯ ಕೇಳಿದರೆ ಸಾಲದು. ನಮ್ಮ ಮೇಲಿನ ಪ್ರೀತಿಯಿಂದ ಅವರೆಲ್ಲ ‘ಒಳ್ಳೆಯ ವಿಚಾರ’ ಎಂದೇ ಹೇಳುತ್ತಾರೆ. ಅಪರಿಚಿತರೊಬ್ಬರು ಮುಂಗಡ ಕೊಟ್ಟರೆ, ಅಥವಾ ಒಮ್ಮೆ ಕೊಂಡವರು ತಾವಾಗಿಯೇ ಎರಡನೆಯ ಸಲ ಬಂದರೆ, ಅದು ನಂಬಬಹುದಾದ ಉತ್ತರ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಎಂಬುವರು ಅಂತರ್ಜಾಲದಲ್ಲಿ ಪಾದರಕ್ಷೆ ಮಾರಲು ಹೊರಟಾಗ ದಾಸ್ತಾನು ತರಿಸಲಿಲ್ಲ. ಅಂಗಡಿಗಳಲ್ಲಿದ್ದ ಜೋಡುಗಳ ಚಿತ್ರ ತೆಗೆದು ಹಾಕಿ, ಬೇಡಿಕೆ ಬಂದಾಗ ಆ ಅಂಗಡಿಗಳಿಂದಲೇ ಕೊಂಡು ಕಳಿಸಿದರು. ಅದರಲ್ಲಿ ಲಾಭ ಹುಟ್ಟುವಂತಿರಲಿಲ್ಲ, ನಿಜ. ಆದರೆ ಕಾಲಿಗೆ ಹಾಕಿ ನೋಡದೆ ಜನ ಪಾದರಕ್ಷೆ ಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ಗೋದಾಮು ಕಟ್ಟುವ ಮೊದಲೇ ಉತ್ತರ ಸಿಕ್ಕಿತು.

ಗಿರಾಕಿ ಸಿಕ್ಕ ಮೇಲೂ ಲೆಕ್ಕ ಕೂಡಿಬರಬೇಕು. ನೂರರ ಮಾರಾಟದಲ್ಲಿ ಕಚ್ಚಾ ಸಾಮಗ್ರಿಗೆ ಎಪ್ಪತ್ತು ಹೋದರೆ ಉಳಿಯುವುದು ಮೂವತ್ತು. ಬಾಡಿಗೆ, ಸಂಬಳ, ಬಡ್ಡಿ ಎಲ್ಲವೂ ಆ ಮೂವತ್ತರಿಂದಲೇ ಹುಟ್ಟಬೇಕಾದ್ದರಿಂದ, ಮಾರಾಟವು ಈ ಖರ್ಚುಗಳ ಮೂರು ಮತ್ತು ಮೂರನೇ ಒಂದು ಪಟ್ಟನ್ನು ದಾಟುವವರೆಗೆ ಮಾಲೀಕನ ಕೈಗೆ ಏನೂ ಬರುವುದಿಲ್ಲ. ಪೈಪೋಟಿಗೆ ಬಿದ್ದು ಬೆಲೆಯನ್ನು ನೂರಕ್ಕೆ ಹತ್ತು ಇಳಿಸಿದರೆ ಮೂವತ್ತು ಇದ್ದದ್ದು ಇಪ್ಪತ್ತಾಗುತ್ತದೆ; ಮೊದಲಿನಷ್ಟೇ ಗಳಿಸಲು ಒಂದೂವರೆ ಪಟ್ಟು ಮಾಲು ಮಾರಬೇಕು. ಅಷ್ಟು ಮಾಲನ್ನು ಎರಡೇ ಕೈಗಳು ತಯಾರಿಸಬಲ್ಲವೇ, ಅಷ್ಟು ಗಿರಾಕಿಗಳು ಸುತ್ತಮುತ್ತ ಇದ್ದಾರೆಯೇ ಎಂಬುದನ್ನು ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ಒಂದು ಸಂಜೆಯಲ್ಲಿ ಲೆಕ್ಕ ಹಾಕಬಹುದು. ನಾನು ಆ ಒಂದು ಸಂಜೆಯನ್ನು ಕೊಡಲಿಲ್ಲ. ಉದ್ರಿಯ ಲೆಕ್ಕವನ್ನೂ ಇದರೊಡನೆ ಹಿಡಿಯಬೇಕು: ಸಾಮಗ್ರಿಗೆ ಇಂದೇ ಹಣ ಕೊಟ್ಟು, ಮಾರಿದ ಹಣ ಎರಡು ತಿಂಗಳ ನಂತರ ಬರುವುದಾದರೆ, ಆ ಎರಡು ತಿಂಗಳ ಖರ್ಚು ಮೊದಲೇ ಕೈಯಲ್ಲಿರಬೇಕು.

ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶಗಳ ಪ್ರಕಾರ ಅಲ್ಲಿನ ಹೊಸ ಉದ್ದಿಮೆಗಳಲ್ಲಿ ಸುಮಾರು 5ರಲ್ಲಿ 1 ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಸುಮಾರು ಅರ್ಧದಷ್ಟು 5 ವರ್ಷಗಳೊಳಗೆ ಮುಚ್ಚುತ್ತವೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಮುಚ್ಚಿದವರು ಏನು ಕಂಡರು ಎಂಬುದು ಹೊಸಬರಿಗೆ ಗೊತ್ತಾಗಬೇಕು ಎಂಬುದಷ್ಟೇ ನನ್ನ ಕಳಕಳಿ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಯಶಸ್ವಿ ಉದ್ಯಮಿಗಳ ಪರಿಚಯ ಪ್ರಕಟಿಸುವಾಗ ಅವರ ಮೊದಲ ಗಿರಾಕಿ ಯಾರು, ಆದಾಯವಿಲ್ಲದ ತಿಂಗಳುಗಳನ್ನು ಅವರು ಹೇಗೆ ದಾಟಿದರು, ಕೈಬಿಟ್ಟ ವಿಚಾರಗಳು ಯಾವುವು ಎಂಬುದನ್ನೂ ಕೇಳಿ ಬರೆಯಿಸಬೇಕು. ಜೊತೆಗೆ, ಉದ್ದಿಮೆ ಮುಚ್ಚಿದವರು ತಮ್ಮ ಲೆಕ್ಕದ ಪುಸ್ತಕ ಬಿಚ್ಚಿ ಮಾತನಾಡಲು ವಾರಕ್ಕೊಮ್ಮೆ ಒಂದು ಅಂಕಣದಷ್ಟು ಜಾಗ ಕೊಡಬೇಕು. ಅಂಥ ಅಂಕಣ ಆರಂಭವಾದರೆ ಮೊದಲ ಬರಹಕ್ಕೆ ನನ್ನ ಪುಸ್ತಕವನ್ನು ಕೊಡಲು ನಾನು ಸಿದ್ಧನಿದ್ದೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ