ತೀರ್ಪುಗಾರನಾಗಲು ಒಪ್ಪಿಕೊಂಡ ಗೆಳೆಯನಿಗೆ

ಪ್ರೀತಿಯ ಮಾಚಯ್ಯ,

ಮಡಿಕೇರಿಯ ಚರ್ಚಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗ್ತಿದ್ದೀಯಂತೆ. ಯಾರು ಏನೇ ಹೇಳಿದ್ರೂ ತಲೆಯಾಡಿಸೋ ಮನುಷ್ಯ ನೀನು! ಆಮೇಲೆ ‘ಯಾರೂ ಹೇಳಿಕೊಡಲಿಲ್ಲ’ ಅಂತ ಜಾರಿಕೊಳ್ಳಬಾರದು, ಅದಕ್ಕೇ ಇದನ್ನು ಎಲ್ಲರೆದುರೇ ಬರೀತಿದ್ದೇನೆ.

ಶಾಲಾ ಮಕ್ಕಳ ಅಂತರರಾಷ್ಟ್ರೀಯ ಚರ್ಚೆಗಳಲ್ಲಿ ಬಳಸೋ ವರ್ಲ್ಡ್ ಸ್ಕೂಲ್ಸ್ ಮಾದರಿ ಅಂದೆ. ಪರ ಮೂವರು, ವಿರೋಧ ಮೂವರು, ತಲಾ 8 ನಿಮಿಷ. ಕೊನೆಗೆ 4 ನಿಮಿಷದ ಸಮಾರೋಪ, ಅದರಲ್ಲಿ ವಿರೋಧದವರೇ ಮೊದಲು. ಒಂದೊಂದು ಭಾಷಣಕ್ಕೂ ಅಂಕ ಹೀಗೆ: ಹೇಳಿದ ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಒಟ್ಟು 100 ಆದರೂ ಬಳಸೋದು 60ರಿಂದ 80ರೊಳಗೆ ಮಾತ್ರ, 70 ಅಂದ್ರೆ ಸಾಧಾರಣ ಭಾಷಣ. ನಿನ್ನ ಧಾರಾಳತನಕ್ಕೆ 95 ಕೊಟ್ಟುಬಿಟ್ಟೀಯ, ಜೋಕೆ.

ಹಾಳೆಯನ್ನು ಅಡ್ಡ ಇಟ್ಟು ಒಬ್ಬೊಬ್ಬರಿಗೆ ಒಂದೊಂದು ಕಾಲಂ ಎಳೆ. ಪರಕ್ಕೆ ನೀಲಿ, ವಿರೋಧಕ್ಕೆ ಕೆಂಪು. ಒಂದು ವಾದಕ್ಕೆ ಎದುರಿನವರು ಕೊಟ್ಟ ಉತ್ತರವನ್ನು ಅದೇ ಸಾಲಲ್ಲಿ ಬರೆದು ಬಾಣ ಹಾಕು. ಬಾಣ ತಾಗದ ವಾದ ನಿಂತಿದೆ ಅಂತ ಲೆಕ್ಕ. ಹಾಗಂತ ಅದೇ ಗೆದ್ದಿತು ಅಂತಲ್ಲ. ಕಾರಣ ಕೊಡದೆ ಬರೀ ಘೋಷಣೆ ಕೂಗಿದ್ದರೆ ನಿಂತರೂ ಅದಕ್ಕೆ ತೂಕವಿಲ್ಲ. ಸಮಾರೋಪದಲ್ಲಿ ಹೊಸ ವಾದ ಬಂದ್ರೆ ಪೆನ್ನು ಕೆಳಗಿಡು.

ಕಷ್ಟ ಇರೋದು ಬೇರೆ ಕಡೆ. ‘ತೋಟಕ್ಕೆ ನುಗ್ಗುವ ಕಾಡಾನೆಗಳನ್ನು ಹಿಡಿದು ಸಾಗಿಸಬೇಕು’ ಅಂತ ವಿಷಯ ಇಟ್ಟರು ಅನ್ನು. ಪರದವಳು ‘ಸಾಗಿಸಿದರೆ ಹಾನಿ ನಿಲ್ಲುತ್ತೆ’ ಅಂತಾಳೆ. ಬಿಟ್ಟ ಆನೆ ವಾಪಸ್ ಬರಬಹುದು, ಹಲಸು ಹಣ್ಣಾದಾಗ ಇನ್ನೊಂದು ಹಿಂಡೂ ಬರುತ್ತೆ ಅನ್ನೋದು ತೋಟದವನಾದ ನಿನಗೆ ಗೊತ್ತು. ಆದರೆ ವಿರೋಧದವರು ಅದನ್ನು ಬಾಯಿಬಿಟ್ಟು ಹೇಳದಿದ್ದರೆ ನಿನ್ನ ಹಾಳೆಯಲ್ಲಿ ಅದು ಇರಕೂಡದು. ಅವರ ಪರವಾಗಿ ನೀನು ಮನಸ್ಸಲ್ಲೇ ವಾದಿಸಿದರೆ ಅವತ್ತು ನಾಲ್ಕನೇ ಸ್ಪರ್ಧಿ ನೀನೇ. ಇನ್ನೊಂದು, ಹಾಳೆ ತುಂಬಿಸೋ ಮೊದಲು ಪಕ್ಕದ ತೀರ್ಪುಗಾರರ ಜತೆ ಮಾತು ಬೇಡ. ಹಿರಿಯರೊಬ್ಬರು ‘ಆ ಹುಡುಗಿ ಚೆನ್ನಾಗಿ ಮಾತಾಡಿದ್ಳಲ್ವಾ’ ಅಂದ್ರೆ ಸಾಕು, ಮೂರು ಹಾಳೆಯೂ ಒಂದೇ ಹಾಳೆಯಾಗಿಬಿಡುತ್ತೆ.

ಈಚೆಗೆ ನನ್ನನ್ನು ಕಾಡ್ತಿರೋದು ಶೈಲಿಯ ಆ 40 ಅಂಕ. ನಮ್ಮ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್ ಮಾತಾಡ್ತಾರೆ, ಅರೆಭಾಷೆ ಮಾತಾಡ್ತಾರೆ, ಮಲಯಾಳ, ತುಳು, ಯರವ ಮಾತಾಡ್ತಾರೆ. ವೇದಿಕೆ ಹತ್ತಿದ ಕೂಡಲೇ ಎಲ್ಲರಿಗೂ ಮೈಸೂರಿನ ಕನ್ನಡವೇ ಬೇಕು. ಶೈಲಿ ಅಂದ್ರೆ ಸ್ಪಷ್ಟತೆ, ವೇಗ, ಕೇಳುವವರನ್ನು ನೋಡಿ ಮಾತಾಡೋದು. ಉಚ್ಚಾರದ ಊರು ಯಾವುದು ಅಂತಲ್ಲ. ಇಷ್ಟು ಗೊತ್ತಿದ್ದೂ, ನಿಜ ಹೇಳಲಾ? ತಡೆದು ತಡೆದು ಮಾತಾಡೋ ಮಗುವಿನ ವಾದ ಬರೆಯುವಾಗ ನನ್ನ ಪೆನ್ನು ಅರ್ಧ ವಾಕ್ಯಕ್ಕೇ ನಿಲ್ಲುತ್ತೆ. ನಿರರ್ಗಳವಾಗಿ ಮಾತಾಡೋರ ವಾದವನ್ನು ಅವರು ಹೇಳಿದ್ದಕ್ಕಿಂತ ಚೆಂದವಾಗಿ ಬರ್ಕೋತೀನಿ. ಕಿವಿ ಯಾವಾಗಲೋ ತೀರ್ಪು ಕೊಟ್ಟಿರುತ್ತೆ, ಅಂಕಪಟ್ಟಿ ಆಮೇಲೆ ಕಾರಣ ಹುಡುಕುತ್ತೆ. ನನಗೆ ತೀರ್ಪು ಕೊಡೋ ಯೋಗ್ಯತೆ ಇದೆಯಾ ಅನ್ನೋ ಅನುಮಾನ...

ಥೋ, ನಿನಗೆ ಬುದ್ಧಿ ಹೇಳೋಕೆ ಹೊರಟವನು ಎಲ್ಲಿಗೆ ಬಂದೆ ನೋಡು! ನಿಮ್ಮ ಅತ್ತೆಯವರೂ ಇದನ್ನ ಓದ್ತಾರೆ. ಸ್ವೆಟರ್ ಹಾಕ್ಕೊಂಡು ಹೋಗು, ಪೆನ್ನು ಜಾಸ್ತಿ ಇಟ್ಕೋ. ಬೆಲ್ ಹೊಡೆಯೋ ಕೆಲಸವನ್ನು ಮಾತ್ರ ಒಪ್ಪಿಕೊಳ್ಳಬೇಡ. ವಿರಾಜಪೇಟೆಯ ಗಂಟೆ ವಿಷಯ ಇಲ್ಲಿ ಎತ್ತೋದಿಲ್ಲ.

ಇಂತಿ ನಿನ್ನ,
ಪರವೂ ಅಲ್ಲದ ವಿರೋಧವೂ ಅಲ್ಲದ ಗೆಳೆಯ