ಬಾಸೆಲ್‌ಗೊಂದು ದರ, ಉಡುಪಿಗೊಂದು ದರ

ಪ್ರಿಯ ಓದುಗರೆ,

ಈ ಸಂಚಿಕೆಯಿಂದ ಸುದ್ದಿಪತ್ರದ ಪುಟ ವಿನ್ಯಾಸಕ್ಕೆ ಬಾಸೆಲ್‌ನ ನಮ್ಮ ಕನ್ನಡ ಸಂಘದ ಲೆಕ್ಕದಲ್ಲಿ ಬೇರೆಯೇ ಒಂದು ಬಾಬ್ತು ಇರುತ್ತದೆ. ಇದುವರೆಗೆ ಅದು "ಇತರೆ ಖರ್ಚು" ಒಳಗೆ ಸೇರಿಹೋಗುತ್ತಿತ್ತು. ನಮ್ಮ ಪುಟಗಳನ್ನು ಮಾಡುವವರು ಉಡುಪಿಯಲ್ಲಿದ್ದಾರೆ. ಅವರಿಗೆ ಇನ್ನು ಮೇಲೆ ಗಂಟೆ ಲೆಕ್ಕದಲ್ಲಿ ಹಣ ಕೊಡುತ್ತೇವೆ. ಬಾಸೆಲ್ ನಗರದ ಕ್ಯಾಂಟನ್ (ಸ್ವಿಟ್ಜರ್ಲೆಂಡಿನ ಒಂದು ರಾಜ್ಯ) 2022ರ ಜುಲೈಯಲ್ಲಿ ಕನಿಷ್ಠ ವೇತನ ಜಾರಿಗೆ ತಂದಾಗ ಇಟ್ಟ ದರ ಗಂಟೆಗೆ 21 ಫ್ರಾಂಕ್. ಆಮೇಲೆ ಅದು ಸ್ವಲ್ಪ ಏರಿದೆ. ನಾವು ಆ 21ರಿಂದ ಶುರು ಮಾಡುತ್ತಿದ್ದೇವೆ.

ಸಭೆಯಲ್ಲಿ ಇದಕ್ಕೆ ಎರಡು ಪ್ರಶ್ನೆ ಬಂದವು. ಊರಲ್ಲಿ ಇದೇ ಕೆಲಸ ಕಾಲುಭಾಗಕ್ಕೆ ಆಗುತ್ತದಲ್ವಾ? ಕ್ಯಾನ್ವಾ ಅನ್ನುವ ಆನ್‌ಲೈನ್ ವಿನ್ಯಾಸ ತಾಣದಲ್ಲಿ ನಾವೇ ಮಾಡಿಕೊಳ್ಳಬಹುದಲ್ವಾ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಕೇಳಿದವರು ಸಂಘದ ದುಡ್ಡಿನ ಬಗ್ಗೆ ಕಾಳಜಿ ಇರುವವರು. ಒಂದು ಸಾಲಿನ ಉತ್ತರ ಕೊಟ್ಟು ಮುಗಿಸುವುದು ಸರಿ ಕಾಣಲಿಲ್ಲ. ಅದಕ್ಕೆ ಈ ಸಲದ ಸಂಪಾದಕೀಯವನ್ನೇ ಇಟ್ಟಿದ್ದೇನೆ.

ಊರಲ್ಲಿ ಈ ಕೆಲಸ ಅಗ್ಗಕ್ಕೆ ಆಗುತ್ತದೆ, ನಿಜ. ಆದರೆ ಯಾಕೆ ಅಗ್ಗ? ಮಾಡುವವರಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಅದನ್ನು ಹೇಳಲು ಬಾಸೆಲ್ ಮತ್ತು ನಮ್ಮ ಕರಾವಳಿ, ಈ ಎರಡು ಊರುಗಳ ಕಥೆಯನ್ನೇ ಸ್ವಲ್ಪ ಹೇಳಬೇಕು.

ಇಲ್ಲಿಂದ ಹೋದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದ್ದು 1841ರಲ್ಲಿ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಕಿಟೆಲ್ ಅವರ ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಆ ನಿಘಂಟಿನ ಯಾವುದಾದರೂ ಒಂದು ಪುಟ ತೆಗೆದು ನಿಧಾನವಾಗಿ ನೋಡಿ. ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ, ಮೇಲೆ ಕೆಳಗೆ ಚುಕ್ಕೆ ಗೆರೆಗಳು, ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ. ಅಚ್ಚುಮೊಳೆ (ಸೀಸದ ಅಕ್ಷರ) ಜೋಡಿಸಿದವರ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಅವರ ಕೈ ಎಷ್ಟು ಪಳಗಿತ್ತು ಅನ್ನುವುದು ಕಾಣುತ್ತದೆ. ಅಕ್ಷರ ಜೋಡಿಸುವ ಕೆಲಸದಲ್ಲಿ ಮಂಗಳೂರು ಆಗ ಯಾರಿಗೂ ಕಡಿಮೆ ಇರಲಿಲ್ಲ.

ಅಲ್ಲಿಂದ ಮುಂದೆ ಎರಡು ಊರುಗಳ ದಾರಿ ಬೇರೆಯಾಯಿತು. 20ನೆಯ ಶತಮಾನದಲ್ಲಿ ಬಾಸೆಲ್ ಗ್ರಾಫಿಕ್ ಡಿಸೈನಿನ ಊರು ಅನ್ನಿಸಿಕೊಂಡಿತು. ಇಲ್ಲಿನ ಕಲಾಶಾಲೆಯಲ್ಲಿ ಎಮಿಲ್ ರೂಡರ್ ಮತ್ತು ಆರ್ಮಿನ್ ಹಾಫ್‌ಮನ್ ಕಲಿಸುತ್ತಿದ್ದರು. 1957ರಲ್ಲಿ ಬಂದ ಹೆಲ್ವೆಟಿಕಾ ಅನ್ನುವ ಅಕ್ಷರ ಶೈಲಿ ಪಕ್ಕದ ಮ್ಯುನ್ಶೆನ್‌ಸ್ಟೈನ್‌ನ ಹಾಸ್ ಮೊಳೆ ಕಾರ್ಖಾನೆಯದು. ಇದನ್ನೆಲ್ಲ ಹೇಳುವಾಗ ಪ್ರತಿಭೆಯ ಮಾತೇ ಜಾಸ್ತಿ ಬರುತ್ತದೆ. ನನಗೆ ಕಾಣುವುದು ಗಿರಾಕಿಗಳು. ಗೈಗಿ, ಸೀಬಾ, ಸ್ಯಾಂಡೋಜ್, ರೋಶ್, ಈ ಔಷಧ ಮತ್ತು ಬಣ್ಣದ ಕಂಪೆನಿಗಳೆಲ್ಲ ಇದೇ ಊರಲ್ಲಿದ್ದವು. ಗೈಗಿಯಂತೂ ತನ್ನದೇ ವಿನ್ಯಾಸ ವಿಭಾಗ ಇಟ್ಟುಕೊಂಡು ಇಲ್ಲಿನ ಶಾಲೆಯಲ್ಲಿ ಕಲಿತವರಿಗೆ ಕೆಲಸ ಕೊಟ್ಟಿತು. ಔಷಧದ ಡಬ್ಬಿ, ವೈದ್ಯರಿಗೆ ಕಳಿಸುವ ಕರಪತ್ರ, ಪ್ರದರ್ಶನದ ಬೋರ್ಡ್, ವರ್ಷಪೂರ್ತಿ ಕೆಲಸ. ಇಲ್ಲಿ ಗ್ರಾಫಿಕ್ ಕೆಲಸ ಕಲಿಯುವುದೂ ನಾಲ್ಕು ವರ್ಷದ ವೃತ್ತಿ ತರಬೇತಿ. ಕೊನೆಗೆ ಸರ್ಕಾರದ ಪ್ರಮಾಣಪತ್ರ. ಬೀದಿಯ ಪೋಸ್ಟರಿಗೂ ದೇಶಕ್ಕೆಲ್ಲ ಒಂದೇ ಅಳತೆ, 90.5 × 128 ಸೆಂ.ಮೀ. ಅಂದರೆ ಕೆಲಸ ಕೊಡುವವರಿದ್ದರು, ಕಲಿಸುವ ಪದ್ಧತಿ ಇತ್ತು, ತೋರಿಸಲು ಜಾಗ ಇತ್ತು. ಹಾಗಾಗಿ ಒಬ್ಬ ಬಡಗಿಯ ಮಗ ಡಿಸೈನರ್ ಆಗುತ್ತೇನೆ ಅಂದರೆ ಮನೆಯಲ್ಲಿ ಯಾರೂ ಗಾಬರಿಯಾಗಬೇಕಿರಲಿಲ್ಲ.

ನಮ್ಮ ಕರಾವಳಿಯಲ್ಲೂ ಅಂಥ ಗಿರಾಕಿಗಳಿದ್ದರು. ಅದನ್ನು ನಾವು ಮರೆಯಬಾರದು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ, ಕೆನರಾ ಬ್ಯಾಂಕ್ ಅದೇ ವರ್ಷ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಒಂದು ಬ್ಯಾಂಕು ಅಂದರೆ ಕ್ಯಾಲೆಂಡರು, ಡೈರಿ, ಪಾಸ್‌ಬುಕ್ಕು, ಜಾಹೀರಾತು, ಹೊಸ ಶಾಖೆಯ ಬೋರ್ಡು. ಮಣಿಪಾಲದಲ್ಲಿ ದೊಡ್ಡ ಪ್ರೆಸ್ ಬೆಳೆಯಿತು. 1970ರ ಜನವರಿ 1ರಂದು ‘ಉದಯವಾಣಿ’ ಅಲ್ಲಿಂದಲೇ ಬಂತು. ಪತ್ರಿಕೆಗೆ ಕಲಾವಿದರು ಬೇಕು, ಪುಟ ಕಟ್ಟುವವರು ಬೇಕು. ಚಿತ್ರ ಬಿಡಿಸುವ ಹುಡುಗನಿಗೆ ತಿಂಗಳ ಸಂಬಳ, ಪಿಎಫ್ ಸಿಗುವ ಕೆಲಸ ಊರಲ್ಲೇ ಇತ್ತು ಅನ್ನುವುದು ಸಣ್ಣ ವಿಷಯ ಅಲ್ಲ. ಅದಕ್ಕೆ ಮೊದಲಿನ ತಲೆಮಾರಿಗೆ ಅದೂ ಇರಲಿಲ್ಲ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಮೈಸೂರಿಗೆ, ಅಲ್ಲಿಂದ ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋಗಬೇಕಾಯಿತು.

ಆ ಬ್ಯಾಂಕುಗಳು ಏನಾದವು ಅಂತ ನಿಮಗೆ ಗೊತ್ತೇ ಇದೆ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮಣಿಪಾಲದಲ್ಲೂ ಮಂಗಳೂರಿನ ಪಾಂಡೇಶ್ವರದಲ್ಲೂ ಇದ್ದ ಪ್ರಧಾನ ಕಚೇರಿಗಳು ಹೋದವು. ವಿಲೀನದ ಬಗ್ಗೆ ನಾವು ಮಾತಾಡುವಾಗ ಊರಿನ ಹೆಮ್ಮೆ ಹೋಯಿತು ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಆದರೆ ಕ್ಯಾಲೆಂಡರಿನ ಚಿತ್ರ ಯಾರದ್ದಿರಬೇಕು ಅಂತ ತೀರ್ಮಾನಿಸುವ ಮೇಜು ಕೂಡ ಮುಂಬೈಗೆ, ಬೆಂಗಳೂರಿಗೆ ಹೋಯಿತು. ಕರ್ಣಾಟಕ ಬ್ಯಾಂಕ್ ಒಂದು ಮಂಗಳೂರಿನಲ್ಲೇ ಉಳಿದಿದೆ.

ಈಗ ಊರಲ್ಲಿ ಜಾಸ್ತಿ ಕೆಲಸ ಇರುವುದು ಫ್ಲೆಕ್ಸ್ ಅಂಗಡಿಯಲ್ಲಿ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಒಂದಕ್ಕೆ ಸಂಜೆ ಹೊತ್ತು ಹೋಗಿ ನೋಡಿ. ಒಂದು ಕಂಪ್ಯೂಟರು, ಅದರಲ್ಲಿ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾ. ಕುರ್ಚಿಯಲ್ಲಿ ಇಪ್ಪತ್ತರ ಹುಡುಗ. ಅವನ ಹಿಂದೆ ನಿಂತ ನಾಲ್ಕು ಜನ ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿಯವರು. ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋಗಳು. ಒಬ್ಬರ ಹಿಂದೆ ತೆಂಗಿನ ಮರ, ಇನ್ನೊಬ್ಬರ ಹೆಗಲ ಮೇಲೆ ಬೇರೆ ಯಾರದೋ ಕೈ. ಅವನು ಒಂದೊಂದನ್ನೂ ಅಂಚು ಹಿಡಿದು ಕತ್ತರಿಸುತ್ತಾನೆ. "ಗೌರವಾಧ್ಯಕ್ಷರದ್ದು ಸ್ವಲ್ಪ ದೊಡ್ಡ ಮಾಡಿ ಮಾರಾಯ್ರೆ." ಮಾಡುತ್ತಾನೆ. "ಈಗ ಅಧ್ಯಕ್ಷರದ್ದು ಸಣ್ಣ ಆಯ್ತಲ್ಲ." ಎಲ್ಲರದ್ದನ್ನೂ ಮತ್ತೆ ಸರಿಸುತ್ತಾನೆ. ಯಾರ ಫೋಟೋ ಎಲ್ಲಿರಬೇಕು, ಯಾರ ಪಕ್ಕ ಯಾರು ಬರಬಾರದು, ಇದೆಲ್ಲ ಅವನಿಗೆ ಗೊತ್ತಿರಬೇಕು. ನನ್ನ ಲೆಕ್ಕದಲ್ಲಿ ಇದು ದೊಡ್ಡ ವಿದ್ಯೆಯೇ. ಕೊನೆಗೆ ಬಿಲ್ಲು ಬರುವುದು ಚದರ ಅಡಿ ಲೆಕ್ಕದಲ್ಲಿ. ವಿನ್ಯಾಸ ಅದರೊಳಗೇ ಬಂತು. ಅವನು ಕೂತ ಮೂರು ಗಂಟೆಗೆ ಬೇರೆ ಬೆಲೆಯೇ ಇಲ್ಲ.

ಊರಲ್ಲಿ ವಿನ್ಯಾಸದ ದರ ಕಡಿಮೆ ಅಂತ ನಾವು ಹೇಳುತ್ತೇವೆ. ನಿಜವಾಗಿ ದರ ಅಂತ ಒಂದು ಇಲ್ಲವೇ ಇಲ್ಲ. ಇರುವುದು ಫ್ಲೆಕ್ಸಿನ ದರ, ಕಾಗದದ ದರ, ಶಾಯಿಯ ದರ. ಆ ಫ್ಲೆಕ್ಸೂ ಗಟ್ಟಿ ನೆಲ ಅಲ್ಲ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2022ರ ಜುಲೈಯಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ ದೇಶಕ್ಕೆಲ್ಲ ನಿಷೇಧ ಬಂತು. ಪರಿಸರಕ್ಕೆ ಅದು ಒಳ್ಳೆಯದೇ. ಆದರೆ ಒಂದು ಆದೇಶದಿಂದ ಯಾರ ಕೆಲಸ ಅಲ್ಲಾಡುತ್ತದೆ ಅಂತ ನೋಡಿದರೆ ಕುರ್ಚಿಯಲ್ಲಿ ಕೂತ ಆ ಹುಡುಗನದ್ದೇ.

ಮಳೆಗಾಲದ ಲೆಕ್ಕ ಇನ್ನೊಂದು. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ದೈವಗಳ ನೇಮ, ಕಂಬಳ, ಯಕ್ಷಗಾನ, ಮದುವೆ, ಗೃಹಪ್ರವೇಶ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ಬಂದರಂತೂ ಉಡುಪಿಯ ಪ್ರೆಸ್ಸಿನವರು ನಿದ್ದೆ ಮಾಡುವುದಿಲ್ಲ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು ಅಂದರೆ ಆಗಸ್ಟ್ ನಡುವೆ ಆಟಿ ತಿಂಗಳು ಮುಗಿಯುವವರೆಗೆ ಕೆಲಸ ತೆಳು. ಸಂಬಳದ ಕೆಲಸ ಇರುವವರಿಗೆ ಇದು ಗೊತ್ತಾಗುವುದಿಲ್ಲ. ಕೂಲಿಯ ಹಾಗೆ ದುಡಿಯುವವರಿಗೆ ಆ ಎರಡೂವರೆ ಮೂರು ತಿಂಗಳು ಬಹಳ ಉದ್ದ.

ಇನ್ನು ಭಾಷೆ. ಇದನ್ನು ಹೇಳಲು ನನಗೆ ಬೇಜಾರು, ಆದರೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನಿಗೂ ಕೈ ಒಂದೇ ಇರಬಹುದು, ಕಣ್ಣು ಒಂದೇ ಇರಬಹುದು. ಒಬ್ಬ ಬೆಂಗಳೂರಿಗೆ ಹೋಗಿ ಆ್ಯಪ್‌ಗಳ ವಿನ್ಯಾಸ ಮಾಡುತ್ತಾನೆ. ಅಲ್ಲಿ ಸಂಬಳ ಒಳ್ಳೆಯದು, ಬಾಡಿಗೆಯೂ ಹಾಗೇ, ಕನ್ನಡ ಅಕ್ಷರದ ಕೆಲಸ ಮಾತ್ರ ತೀರ ಕಡಿಮೆ. ಇನ್ನೊಬ್ಬ ಬೈಂದೂರಿನಲ್ಲೋ ಕಾರ್ಕಳದಲ್ಲೋ ಫ್ಲೆಕ್ಸ್ ಮಾಡುತ್ತಾನೆ, ಇಲ್ಲ ಗಲ್ಫಿನ ಬೋರ್ಡಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ವೀಸಾ ಕಂಪೆನಿಯ ಕೈಯಲ್ಲಿ. ನಿನ್ನೆವರೆಗೆ ಕನ್ನಡ ಜೋಡಿಸುತ್ತಿದ್ದವನು ಅರಬ್ಬಿ ಜೋಡಿಸಲು ಕಲಿಯುತ್ತಾನೆ. ತಂಗಿಯ ಮದುವೆ, ಮನೆ ಸಾಲ, ಅಷ್ಟಾದ ಮೇಲೆ ತನ್ನ ಬಗ್ಗೆ ಯೋಚನೆ. ಚಿತ್ರಕಲೆ ಕಲಿಯುತ್ತೇನೆ ಅಂದ ಹೆಣ್ಣುಮಕ್ಕಳಿಗೆ "ಬಿಕಾಂ ಮಾಡು, ಚಿತ್ರ ಮನೆಯಲ್ಲಿ ಬಿಡಿಸು" ಅನ್ನುವ ಮಾತು ಈಗಲೂ ಕೇಳುತ್ತದೆ. ಮಂಗಳೂರಿನ ಮಹಾಲಸಾದಂಥ ಕಲಾಶಾಲೆಗಳು ಇದ್ದದ್ದರಿಂದ ಎಷ್ಟೋ ಮಕ್ಕಳಿಗೆ ಊರು ಬಿಡದೆ ಕಲಿಯಲು ಸಾಧ್ಯವಾಗಿದೆ. ಅಂಥ ಶಾಲೆಗಳನ್ನು ನಡೆಸಿಕೊಂಡು ಬಂದವರಿಗೆ ನಾವು ಋಣಿಗಳು.

ಹೊರದೇಶದ ಕೆಲಸವನ್ನು ಮನೆಯಲ್ಲೇ ಕೂತು ಹಿಡಿಯಬಹುದು ಅನ್ನುವುದು ನಿಜವಾಗಿ ದೊಡ್ಡ ಬದಲಾವಣೆ. ಸಣ್ಣ ಮಗು ಇರುವ ತಾಯಿ ಬ್ರಹ್ಮಾವರದಲ್ಲಿ ಕೂತು ದುಡಿಯಲು ಆಗುವುದು ಮೊದಲು ಸಾಧ್ಯವೇ ಇರಲಿಲ್ಲ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಇಂಥ ಕೆಲಸ ಸಿಗುವ ಫೈವರ್ ತಾಣ ಪ್ರತಿ ಕೆಲಸದಲ್ಲೂ 20% ಹಿಡಿದುಕೊಳ್ಳುತ್ತದೆ. ಸ್ಪರ್ಧೆಯ ಲೆಕ್ಕದಲ್ಲಿ ಲೋಗೋ ಮಾಡಿಸುವ ತಾಣಗಳಲ್ಲಿ ಹತ್ತಾರು ಜನ ಕೆಲಸ ಮಾಡಿ ಕಳಿಸುತ್ತಾರೆ, ಹಣ ಸಿಗುವುದು ಗೆದ್ದವರಿಗೆ. ಸಾಫ್ಟ್‌ವೇರಿನ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. 2013ರಲ್ಲಿ ಫೋಟೋಶಾಪ್ ಮಾಡುವ ಅಡೋಬಿ ಕಂಪೆನಿ ಬಾಡಿಗೆ ಪದ್ಧತಿಗೆ ಹೋದ ಮೇಲೆ ಒಮ್ಮೆ ಕೊಂಡು ಹತ್ತು ವರ್ಷ ಬಳಸುವ ದಾರಿ ಮುಚ್ಚಿತು.

ಇಲ್ಲಿಂದ ಟ್ರಾಮಿನಲ್ಲಿ ಗಡಿ ದಾಟಿದರೆ ಜರ್ಮನಿ. ಅಲ್ಲಿ ಸ್ವಂತವಾಗಿ ದುಡಿಯುವ ಕಲಾವಿದರಿಗೂ ಡಿಸೈನರ್‌ಗಳಿಗೂ 1983ರಿಂದ ಒಂದು ಸಾಮಾಜಿಕ ವಿಮೆ ಇದೆ. ಪಿಂಚಣಿ, ಆರೋಗ್ಯ ವಿಮೆಯ ಕಂತಿನಲ್ಲಿ ಅರ್ಧ ಮಾತ್ರ ಅವರದ್ದು. ಉಳಿದ ಅರ್ಧ ಕೆಲಸ ಕೊಡುವ ಕಂಪೆನಿಗಳ ಮತ್ತು ಸರ್ಕಾರದ ಪಾಲು. ಉಡುಪಿಯಲ್ಲಿ ಅದೇ ಕೆಲಸ ಮಾಡುವವರಿಗೆ ಬೆನ್ನು ನೋವು ಬಂದರೆ ಪೂರ್ತಿ ಖರ್ಚು ಅವರದ್ದೇ. ಹೀಗೆ ಊರಿನ ದರ ಅಗ್ಗವಾಗುವುದು ಈ ಖರ್ಚುಗಳನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯದೆ ಇರುವುದರಿಂದ. ಊರಿನ ದರ ಅಂತ ನಾವೂ ಅಷ್ಟೇ ಕೊಟ್ಟರೆ ಆ ಖರ್ಚನ್ನು ಅವರ ತಲೆಗೇ ಹಾಕಿದ ಹಾಗಾಗುತ್ತದೆ. ಕನ್ನಡದ ಸೇವೆ ಅಂತ ಹೇಳಿ ಅದನ್ನು ಮಾಡಬಾರದು. ಕನ್ನಡದ ಕೀಲಿಮಣೆಯನ್ನು ಹಣ ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಉದಾಹರಣೆಯನ್ನು ಒಬ್ಬರು ಕೊಟ್ಟರು. ಅವರ ಬಗ್ಗೆ ನನಗೂ ಅಪಾರ ಗೌರವ. ಅದು ಅವರು ತಾವಾಗಿ ಕೊಟ್ಟದ್ದು. ಇನ್ನೊಬ್ಬರು ಕೊಡಲಿ ಅಂತ ನಾವು ಕಾಯುವುದು ಬೇರೆ.

ಕ್ಯಾನ್ವಾದ ಪ್ರಶ್ನೆಗೆ ಬರುತ್ತೇನೆ. ಹುಟ್ಟುಹಬ್ಬದ ಶುಭಾಶಯಕ್ಕೆ, ಪಿಕ್ನಿಕ್ ಸೂಚನೆಗೆ ಅದು ಧಾರಾಳ ಸಾಕು. ಇಪ್ಪತ್ತನಾಲ್ಕು ಪುಟದ ಕನ್ನಡ ಸುದ್ದಿಪತ್ರ ಬೇರೆ ಕೆಲಸ. ನಮ್ಮ ಲೇಖಕರಲ್ಲಿ ಅರ್ಧ ಜನ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬರೆದು ಕಳಿಸುತ್ತಾರೆ. ಅದನ್ನು ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿಬಿಡುತ್ತದೆ. "ರಾಷ್ಟ್ರ" ಅನ್ನುವ ಒಂದು ಶಬ್ದ ನೋಡಿ. ಷಕಾರದ ಕೆಳಗೆ ಟಕಾರ, ಅದಕ್ಕೆ ಮತ್ತೆ ರಕಾರ. ಇಂಗ್ಲಿಷಿಗೆ ಇಡುವ ಸಾಲಿನ ಅಂತರವನ್ನೇ ಇಟ್ಟರೆ ಅದು ಕೆಳಗಿನ ಸಾಲಿನ ಗುಡಿಸಿಗೆ, ತಲೆಕಟ್ಟಿಗೆ ತಾಗುತ್ತದೆ. ಅಂತರ ಜಾಸ್ತಿ ಮಾಡಿದರೆ ಪುಟ ಬಿಕೋ ಅನ್ನುತ್ತದೆ. ಉಡುಪಿಯವರು ನಮ್ಮ ಕಳೆದ ಸಂಚಿಕೆಯಲ್ಲಿ ಕವನದ ಪುಟಕ್ಕೆ ಒಂದು ಅಂತರ, ವರದಿಯ ಪುಟಕ್ಕೆ ಇನ್ನೊಂದು ಇಟ್ಟಿದ್ದರು. ತೆಗೆದು ಹೋಲಿಸಿ ನೋಡಿ. ಹಿರಿಯ ಸದಸ್ಯರೊಬ್ಬರು "ಈ ಸಲ ಕನ್ನಡಕ ಇಲ್ಲದೆ ಓದಿದೆ" ಅಂದದ್ದಕ್ಕೆ ಕಾರಣ ಅದು.

ಮುಂದಿನದ್ದು ರಾಜ್ಯೋತ್ಸವ ಸಂಚಿಕೆ. ಲೇಖನಗಳನ್ನು ದಯವಿಟ್ಟು ಯೂನಿಕೋಡಿನಲ್ಲೇ ಕಳಿಸಿ. ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕುವಾಗ ಡಾಕ್ಯುಮೆಂಟ್ ಆಗಿ ಹಾಕಿ, ಆಗ ಮಸುಕಾಗುವುದಿಲ್ಲ. ಹೆಸರುಗಳ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿದ ಮೇಲೆ ಕೊಡಿ. ಪ್ರೂಫ್ ತಿದ್ದುಪಡಿ ಎರಡು ಸುತ್ತು ಮಾತ್ರ, ಅದೂ ನನ್ನ ಮೂಲಕ. ಮೂರನೆಯ ಸುತ್ತಿಗೆ ಗಂಟೆಯ ಲೆಕ್ಕ ಬೇರೆ ಬೀಳುತ್ತದೆ. ಜಾಹೀರಾತು ಕೊಡುವ ಸದಸ್ಯರು ತಮ್ಮ ಜಾಹೀರಾತನ್ನು ಉಡುಪಿಯವರಿಂದಲೇ ಮಾಡಿಸುವುದಾದರೆ ಅದರ ಹಣ ನೇರ ಅವರಿಗೆ, ಜಾಗದ ಹಣ ಸಂಘಕ್ಕೆ. ಅಕ್ಟೋಬರಿನಲ್ಲಿ ಇಲ್ಲಿ ರಾತ್ರಿ ಎಂಟು ಅಂದರೆ ಉಡುಪಿಯಲ್ಲಿ ಹನ್ನೊಂದೂವರೆ. ಅವರಿಗೆ ಫೋನ್ ಮಾಡುವುದಿದ್ದರೆ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಮಾಡಿ.